ಹೆರಿಗೆ ವಾರ್ಡಿನ ಕೇಸ್ ಶೀಟುಗಳನ್ನು ಸಾವಿಗೆ ಮೊದಲೇ ತೆರೆದು ನೋಡಿ

ಮಾನ್ಯ ಸಂಪಾದಕರೇ,

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವರಿಗೆ ಹಾಕಿದ ಡ್ರಿಪ್ ಬಾಟಲಿ ಕಳಪೆಯಾಗಿತ್ತಾ ಅಂತ ಎಲ್ಲ ಪತ್ರಿಕೆಗಳೂ ಬರೆದವು. ಬರೆಯಲೇಬೇಕಿತ್ತು. ಆಮೇಲೆ ಸರ್ಕಾರ ರಾಜ್ಯದ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳ ಲೆಕ್ಕ ಅದರಲ್ಲಿತ್ತು. ಡ್ರಿಪ್ಪಿನ ನಂಟಿರಬಹುದು ಅಂತ ಗುರುತಿಸಿದ್ದು 18 ಸಾವುಗಳಲ್ಲಿ. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ಶೇ 70ಕ್ಕಿಂತ ಜಾಸ್ತಿ ಸಾವುಗಳನ್ನು ತಪ್ಪಿಸಬಹುದಿತ್ತು. ಈ ಮಾತು ಮಾತ್ರ ನಾಲ್ಕು ದಿನ ಸುದ್ದಿಯಾಗಿ ಮರೆತೇ ಹೋಯಿತು.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಸರ್ವಿಸಿನ ಹೆಚ್ಚು ಭಾಗ ಹೆರಿಗೆ ವಾರ್ಡಿನಲ್ಲೇ ಕಳೆಯಿತು. ಈಗ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ನಾನು ಹೇಳಬೇಕಾದ್ದು ಇಷ್ಟೇ. ಸಾವಾದ ಮೇಲೆ ಮಾಡುವ ಆಡಿಟ್ ಬೇಕು, ಆದರೆ ಅದೊಂದೇ ಸಾಲದು. ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಹೋದ ಹೆರಿಗೆಗಳ ಕೇಸ್ ಶೀಟುಗಳನ್ನೂ ಪ್ರತಿಯೊಂದು ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಿಂಗಳಿಗೊಮ್ಮೆ ತೆರೆದು ನೋಡಬೇಕು. ಕೊರತೆ ಇರುವುದು ದಿನದಿನದ ಕೆಲಸದಲ್ಲಿ. ಎಷ್ಟೋ ಸಲ ಆ ಕೊರತೆಯ ನಡುವೆಯೂ ತಾಯಿ ಬದುಕಿ ಮನೆಗೆ ಹೋಗುತ್ತಾಳೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವುದೋ ಒಂದು ರಾತ್ರಿ ಅವಳು ಬದುಕುವುದಿಲ್ಲ. ಆಗ ಎಲ್ಲರೂ ಓಡಿ ಬರುತ್ತಾರೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದೇ ಒಂದು ವಿಷಯ ಆರಿಸಿಕೊಳ್ಳಬೇಕು. ಅದರಲ್ಲಿ ಏನಾಗಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಹೆರಿಗೆಯಾದ ಮೊದಲ ಎರಡು ಗಂಟೆ, 15 ನಿಮಿಷಕ್ಕೊಮ್ಮೆ ಬಿಪಿ ಮತ್ತು ನಾಡಿ ನೋಡಬೇಕು, ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಹೊಟ್ಟೆ ಮುಟ್ಟಿ ನೋಡಬೇಕು, ರಕ್ತ ಎಷ್ಟು ಹೋಗುತ್ತಿದೆ ಅಂತ ನೋಡಬೇಕು. ಇದು ನಿಯಮ ಅಂತಿಟ್ಟುಕೊಳ್ಳಿ. ಹಿಂದಿನ ತಿಂಗಳ ಮೂವತ್ತು ನಲವತ್ತು ಶೀಟು ತೆಗೆದು, ನಿಜವಾಗಿ ಎಷ್ಟರಲ್ಲಿ ಇದು ನಡೆದಿದೆ ಅಂತ ಎಣಿಸಬೇಕು. ನಡೆದಿಲ್ಲದಿದ್ದರೆ ಯಾಕೆ ಅಂತ ಕೇಳಬೇಕು. ಕಾರಣ ಸರಿಮಾಡಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಎಣಿಸಬೇಕು. ಈ ಎರಡನೇ ಎಣಿಕೆ ಆಗದಿದ್ದರೆ ಮೊದಲನೆಯದು ಸುಮ್ನೆ ಕಾಗದ ತುಂಬಿಸಿದ ಹಾಗೆ. ನಮ್ಮಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ.

ನಾನು ಕೆಲಸ ಮಾಡುತ್ತಿದ್ದ ಒಂದು ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದ ಹೆರಿಗೆ ಡಾಕ್ಟರ್ ಒಬ್ಬರು ಇದನ್ನು ಮಾಡಿಸಿದರು. ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ಶೀಟುಗಳನ್ನು ಟೇಬಲ್ ಮೇಲೆ ಸಾಲಾಗಿ ಹರಡಿದೆವು. ಬಿಪಿ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನ ತನಕ 110/70, 110/70, 110/70. ಒಂದೇ ಪೆನ್ನು, ಒಂದೇ ಓರೆ ಅಕ್ಷರ. ಬೆಳಿಗ್ಗೆ ಡ್ಯೂಟಿ ಬಿಡುವ ಹೊತ್ತಿಗೆ ಕೂತು ಒಂದೇ ಸಲ ಬರೆದದ್ದು ಅಂತ ಯಾರು ನೋಡಿದರೂ ಹೇಳಬಹುದಿತ್ತು. ಒಂದು ಶೀಟಿನಲ್ಲಂತೂ ಮಗು ಹುಟ್ಟಿದ ಸಮಯಕ್ಕಿಂತ ಮುಂಚೆಯೇ ಹೆರಿಗೆ ನಂತರದ ಬಿಪಿ ದಾಖಲಾಗಿತ್ತು.

ಡಾಕ್ಟರ್ ಅದನ್ನು ಬರೆದದ್ದು ಯಾರು ಅಂತ ಕೇಳಲಿಲ್ಲ. "ರಾತ್ರಿ ಆ ಹೊತ್ತಲ್ಲಿ ಏನೇನು ಕೆಲಸ ಇರುತ್ತೆ ಹೇಳಿ ಸಿಸ್ಟರ್" ಅಂತ ಕೇಳಿದರು. ಆಗ ಒಂದೊಂದಾಗಿ ಹೊರಗೆ ಬಂತು. ಇದ್ದದ್ದು ಒಂದೇ ಬಿಪಿ ಮಷಿನ್, ಅದೂ ಜನರಲ್ ವಾರ್ಡಿಗೆ ಹೋಗಿ ವಾಪಸ್ ಬರಬೇಕು, ಬಂದರೂ ಅದರ ಪಟ್ಟಿಯಿಂದ ಗಾಳಿ ಸೋರುತ್ತಿತ್ತು. ರಾತ್ರಿ ಒಬ್ಬರೇ ಸಿಸ್ಟರ್, ಒಬ್ಬರು ಆಯಾ. ಒಂದು ಹೆರಿಗೆ ಮುಗಿಯುವಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳು ಕೂಗುತ್ತಿರುತ್ತಾಳೆ, ಹಾಗಾಗಿ ಹೆತ್ತವಳನ್ನು ಬೇಗ ಕಾರಿಡಾರಿನ ಆ ತುದಿಯ ವಾರ್ಡಿಗೆ ಸಾಗಿಸುವುದು ರೂಢಿ. ಅಲ್ಲಿ ಅವಳನ್ನು ನೋಡಿಕೊಳ್ಳುವವರು ಅತ್ತೆಯೋ ತಾಯಿಯೋ. "ಬಟ್ಟೆಯೆಲ್ಲ ಒದ್ದೆ ಆಯ್ತಾ ಅದೆ ಕಣವ್ವ, ಒಸಿ ಬಂದು ನೋಡಿ" ಅಂತ ಆ ಅಜ್ಜಿ ಓಡಿ ಬಂದರೆ ಮಾತ್ರ ರಕ್ತ ಹೋಗುತ್ತಿರುವುದು ತಿಳಿಯುತ್ತಿತ್ತು.

ಆಮೇಲೆ ಆದ ಬದಲಾವಣೆಗಳೆಲ್ಲ ಸಣ್ಣವು. ಲೇಬರ್ ವಾರ್ಡಿಗೇ ಅಂತ ಬೇರೆ ಬಿಪಿ ಮಷಿನ್ ತರಿಸಿ, ಯಾರೂ ಎತ್ತಿಕೊಂಡು ಹೋಗದ ಹಾಗೆ ಟ್ರಾಲಿಗೆ ಕಟ್ಟಿದರು. ಎರಡು ಗಂಟೆ ತುಂಬುವವರೆಗೆ ಬಾಣಂತಿ ಪಕ್ಕದ ಕೋಣೆಯಲ್ಲೇ, ಸಿಸ್ಟರ್ ಕಣ್ಣಿಗೆ ಬೀಳುವ ಮಂಚದಲ್ಲೇ ಇರಬೇಕು ಅಂತಾಯಿತು. ಶೀಟು ಕಪಾಟಿನಿಂದ ಮಂಚದ ಬುಡಕ್ಕೆ ಬಂತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಡಾಕ್ಟರ್ ಹೇಳಿದ ಒಂದು ಮಾತು: "ನೋಡೋಕೆ ಆಗಿಲ್ಲ ಅಂದ್ರೆ ಖಾಲಿ ಬಿಡಿ, ತುಂಬಬೇಡಿ." ಮುಂದಿನ ಎಣಿಕೆಯಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು, ಆದರೆ ಬರೆದ ಅಂಕಿಗಳು ನಿಜದ ಅಂಕಿಗಳಾಗಿದ್ದವು. ಒಂದು ಹುಡುಗಿಯ ಶೀಟಿನಲ್ಲಿ 150/100 ಇತ್ತು. ಗರ್ಭಿಣಿಯಾಗಿದ್ದಾಗ ಅವಳಿಗೆ ಬಿಪಿ ಇರಲಿಲ್ಲ. ಹೆರಿಗೆಯಾದ ಮೇಲೆ ಬಿಪಿ ಏರಿ ಫಿಟ್ಸ್ ಬರಬಹುದು, ಮಗು ಹೊರಗೆ ಬಂದ ಕೂಡಲೇ ಗಂಡಾಂತರ ಕಳೆಯಿತು ಅಂದುಕೊಳ್ಳುವ ಹಾಗಿಲ್ಲ. ಅವಳಿಗೆ ಸಮಯಕ್ಕೆ ಔಷಧಿ ಸಿಕ್ಕಿತು. ಹಳೆಯ ರೂಢಿಯೇ ಇದ್ದಿದ್ದರೆ ಅವಳ ಶೀಟಿನಲ್ಲೂ 110/70 ಅಂತಲೇ ಇರುತ್ತಿತ್ತು ಅಲ್ವಾ?

ರಕ್ತಸ್ರಾವದ ವಿಷಯಕ್ಕೆ ಬರುತ್ತೇನೆ, ತಾಯಂದಿರನ್ನು ಕೊಲ್ಲುವುದರಲ್ಲಿ ಅದೇ ಮುಂದು. ಹೆರಿಗೆಯ ನಂತರ 500 ಮಿಲಿ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದರೆ ಎಚ್ಚರಿಕೆ ಅಂತ ನರ್ಸಿಂಗ್ ಓದಿದವರಿಗೆಲ್ಲ ಗೊತ್ತು. ಆದರೆ ಆ ರಕ್ತ ಬಟ್ಟೆಯಲ್ಲಿ, ಪ್ಯಾಡಿನಲ್ಲಿ, ಬಕೆಟ್ಟಿನಲ್ಲಿ, ನೆಲದ ಮೇಲೆ ಹರಡಿರುತ್ತದೆ, ಅದರ ಮೇಲೆ ನೀರು ಬೇರೆ ಸೇರಿರುತ್ತದೆ. ಕಣ್ಣಂದಾಜಿನಲ್ಲಿ ಹೇಳುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ್ದು ನಮ್ಮದೇ ಬೆಳಗಾವಿಯಲ್ಲಿ. ಅಲ್ಲಿನ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಅಮೆರಿಕದ ತಂಡದ ಜೊತೆ ಸೇರಿ, ಹಳ್ಳಿಗಳಲ್ಲಿ ಎಎನ್‌ಎಂ ಸಿಸ್ಟರುಗಳ (ಹಳ್ಳಿಯ ಆರೋಗ್ಯ ಸಹಾಯಕಿಯರ) ಕೈಯಲ್ಲಿ, ಗರ್ಭಕೋಶ ಬಿಗಿಯಾಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿ ರಕ್ತಸ್ರಾವ ತಡೆಯಬಹುದಾ ಅಂತ 1,620 ತಾಯಂದಿರಲ್ಲಿ ಪರೀಕ್ಷೆ ಮಾಡಿದರು, ಅದು 2006ರಲ್ಲಿ ಪ್ರಕಟವಾಯಿತು. ಆ ಕೆಲಸಕ್ಕಾಗಿಯೇ ಸೊಂಟದ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲವೊಂದನ್ನು ಮಾಡಿಕೊಂಡರು. ಚೀಲದ ಅಳತೆಯ ಪಕ್ಕದಲ್ಲಿ ಕಣ್ಣಂದಾಜನ್ನು ಇಟ್ಟು ನೋಡಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂತು. ಅಂದರೆ 750 ಹೋಗಿದ್ದರೂ 500 ಅಂತ ಬರೆಯುತ್ತೇವೆ, ಆ ಹೊತ್ತಿಗೆ ರಕ್ತ ಕಡಿಮೆ ಇರುವ ಹೆಣ್ಣುಮಗಳು ಕೈತಪ್ಪಿ ಹೋಗಿರುತ್ತಾಳೆ. ನಮ್ಮ ರಾಜ್ಯದಲ್ಲಿ ಗರ್ಭಿಣಿಯರಲ್ಲಿ ಶೇ 45ಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂಥವಳಿಗೆ ಅರ್ಧ ಲೀಟರ್ ಕೂಡ ತುಂಬಾ ಜಾಸ್ತಿ.

2023ರಲ್ಲಿ ಇ-ಮೋಟಿವ್ ಅನ್ನುವ ದೊಡ್ಡ ಅಧ್ಯಯನ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದದ್ದು. ಇಂಥದೇ ಅಳತೆ ಚೀಲ ಹಾಕಿ, ರಕ್ತ ಮಿತಿ ಮೀರಿದ ಕೂಡಲೇ ಗರ್ಭಕೋಶ ತಿಕ್ಕುವುದು, ಅದು ಬಿಗಿಯಾಗಲು ಆಕ್ಸಿಟೋಸಿನ್, ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್, ಅದರಿಂದಾಗುವ ಸಾವು, ಇವೆಲ್ಲ ಸೇರಿ ಶೇ 60ರಷ್ಟು ಕಡಿಮೆಯಾದವು. ಇವ್ಯಾವುವೂ ಹೊಸ ಔಷಧಿಯಲ್ಲ, ನಮ್ಮ ಸ್ಟೋರಿನಲ್ಲೂ ಇರುವವೇ. ಆ ಆಸ್ಪತ್ರೆಗಳಿಗೆ ಅವರದೇ ಅಂಕಿಗಳನ್ನು ಆಡಿಟ್ ಮಾಡಿ ಆಗಾಗ ವಾಪಸ್ ತೋರಿಸುತ್ತಿದ್ದರು ಅನ್ನುವುದನ್ನು ಯಾರೂ ಎತ್ತಿ ಹೇಳುವುದಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸಿಸ್ಟರ್‌ಗೆ ತನ್ನ ವಾರ್ಡಿನ ಅಂಕಿ ತನಗೇ ತಿಳಿಯಬೇಕು, ಜಿಲ್ಲಾ ಕಚೇರಿಗೆ ಕಳಿಸಿದರೆ ಮುಗಿಯಲಿಲ್ಲ.

ಇಷ್ಟು ಸುಲಭದ್ದು ಯಾಕೆ ನಡೆಯುತ್ತಿಲ್ಲ? ಭಯ. ತಾಯಂದಿರ ಸಾವಿನ ಪರಿಶೀಲನೆಗೆ ಕೇಂದ್ರದ ಮಾರ್ಗಸೂಚಿ 2010ರಿಂದಲೂ ಇದೆ, 2017ರಲ್ಲಿ ಅದನ್ನು ಹೊಸದಾಗಿ ಬರೆದರು. ಯಾರ ಮೇಲೂ ತಪ್ಪು ಹೊರಿಸುವುದಕ್ಕಲ್ಲ ಅಂತ ಅದರಲ್ಲೇ ಇದೆ. ಆದರೆ ನಿಜವಾಗಿ ಸಾವಾದಾಗ ಏನಾಗುತ್ತದೆ? ಆಸ್ಪತ್ರೆ ಮುಂದೆ ಜನ ಸೇರುತ್ತಾರೆ, ಟಿವಿಯವರು ಬರುತ್ತಾರೆ, ಸಂಜೆಯೊಳಗೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಸಸ್ಪೆಂಡ್. ಮನೆಯವರ ಸಂಕಟ ನನಗೆ ಗೊತ್ತು, ಅವರ ಕೋಪ ತಪ್ಪಲ್ಲ. ಆದರೆ ಆ ಸಸ್ಪೆನ್ಷನ್ನಿನಿಂದ ಸೋರುವ ಬಿಪಿ ಪಟ್ಟಿ ಸರಿಯಾಗುವುದಿಲ್ಲ, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಬರುವುದಿಲ್ಲ. ಮಿಕ್ಕವರು ಕಲಿಯುವುದು ಒಂದೇ ಪಾಠ, ಫೈಲು ಸರಿಯಾಗಿ ಕಾಣುವ ಹಾಗೆ ಬರೆಯಬೇಕು ಅಂತ. ಆ 110/70 ಹುಟ್ಟುವುದು ಅಲ್ಲಿಂದ. ಕಾಸು ಕೇಳಿದವರು, ಕರೆದರೂ ಬಾರದೆ ಮಲಗಿದ್ದವರು, ಅಂಥವರ ಮೇಲೆ ಶಿಸ್ತು ಕ್ರಮ ಬೇಕೇ ಬೇಕು, ಅದಕ್ಕೆ ಬೇರೆ ದಾರಿ ಇದೆ. ಅದನ್ನು ಆಡಿಟ್ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ.

ಕೇರಳವನ್ನು ನೋಡಿ, ಹುಣಸೂರು ದಾಟಿ ನಾಗರಹೊಳೆ ಕಾಡು ಮುಗಿದರೆ ಅದೇ. ಅಲ್ಲಿನ ಹೆರಿಗೆ ತಜ್ಞರ ಸಂಘ 2004ರಲ್ಲಿ ತಾಯಂದಿರ ಸಾವುಗಳ ಗೋಪ್ಯ ಪರಿಶೀಲನೆ ಶುರು ಮಾಡಿತು. ತಾಯಿಯ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಎಲ್ಲ ತೆಗೆದು ಕೇಸನ್ನು ತಜ್ಞರ ಮುಂದೆ ಇಡುತ್ತಾರೆ. ಎಲ್ಲಿ ತಡವಾಯಿತು, ಏನು ಮಾಡಬಹುದಿತ್ತು ಅಂತ ಮಾತ್ರ ಚರ್ಚೆ. ಅದರಲ್ಲಿ ಕಂಡದ್ದನ್ನು ಇಟ್ಟುಕೊಂಡೇ ರಕ್ತಸ್ರಾವಕ್ಕೆ ಮತ್ತು ಬಿಪಿಗೆ ಏನು ಮಾಡಬೇಕು ಅಂತ ಗುಣಮಟ್ಟದ ನಿಯಮ ಬರೆದರು. ಬ್ರಿಟನ್ನಿನಲ್ಲಿ ಇಂಥ ಗೋಪ್ಯ ವಿಚಾರಣೆ 1952ರಿಂದ ನಡೆದುಕೊಂಡು ಬಂದಿದೆ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರ ಸಾವು, ನಮ್ಮಲ್ಲಿ 69. ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಕೇರಳದ ಯಶಸ್ಸಿಗೆ ಹೆಣ್ಣುಮಕ್ಕಳ ಓದು, ರಸ್ತೆ, ಆಸ್ಪತ್ರೆ ಎಲ್ಲ ಕಾರಣ, ಆಡಿಟ್ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ತಮ್ಮ ಕೆಲಸವನ್ನು ತಾವೇ ಹೆದರದೆ ನೋಡಿಕೊಂಡರು, ನಾವು ಅಷ್ಟು ಮಾಡಿಲ್ಲ.

ಸಾವಿನ ಬಾಗಿಲವರೆಗೆ ಹೋಗಿ ಬದುಕಿ ಬಂದ ತಾಯಂದಿರ ಕೇಸುಗಳನ್ನೂ ಪರಿಶೀಲಿಸಬೇಕು ಅಂತ ಕೇಂದ್ರ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇದು ಒಳ್ಳೆಯ ದಾರಿ, ಏಕೆಂದರೆ ಅವಳೇ ಎದುರಿಗೆ ಕೂತು ಏನಾಯಿತು ಅಂತ ಹೇಳಬಲ್ಲಳು, ಸಿಬ್ಬಂದಿಗೂ ಅಷ್ಟು ಭಯ ಇರುವುದಿಲ್ಲ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್, ಇವೆರಡಕ್ಕೂ ಸುತ್ತಮುತ್ತಲಿಂದ ರೆಫರ್ ಆಗಿ ಬರುವವರು ಬಹಳ. ಅಂಥವರ ರೆಫರಲ್ ಚೀಟಿಗಳನ್ನು ಮೊದಲು ಆಡಿಟ್ ಮಾಡಿ ಅಂತ ನಾನು ಕೇಳುತ್ತೇನೆ. ನಾನು ನೋಡಿದ ಎಷ್ಟೋ ಚೀಟಿಗಳಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ" ಅಂತ ಒಂದೇ ಸಾಲು ಇರುತ್ತಿತ್ತು. ಎಷ್ಟು ಹೊತ್ತಿಗೆ ಹೊರಟಳು, ಬಿಪಿ ಎಷ್ಟಿತ್ತು, ರಕ್ತದ ಗುಂಪು ಯಾವುದು, ಯಾವ ಇಂಜೆಕ್ಷನ್ ಕೊಟ್ಟಾಗಿದೆ, ಏನೂ ಇಲ್ಲ. ಫಿಟ್ಸ್ ಬಂದವಳನ್ನು ಕಳಿಸುವ ಮೊದಲು, ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ನಿನ ಮೊದಲ ಡೋಸು, ಎರಡೂ ಕಡೆ ಸೊಂಟಕ್ಕೆ 5 ಗ್ರಾಂನಂತೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬೇಕು ಅಂತ ನಿಯಮ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್, ಕಾಡಂಚಿನ ಹಾಡಿಗಳಿಂದ ಬರುವವರಿಗೆ ಇನ್ನೂ ದೂರ. ಆ ಡೋಸು ಇಲ್ಲದೆ 108ರಲ್ಲಿ ಮಲಗಿಸಿ ಕಳಿಸಿದರೆ ದಾರಿಯಲ್ಲೇ ಮತ್ತೆ ಫಿಟ್ಸ್ ಬರಬಹುದು. ಕಳಿಸಿದ ಆಸ್ಪತ್ರೆಗೆ ಆಮೇಲೆ ಅವಳು ಏನಾದಳು ಅಂತ ಯಾರೂ ತಿಳಿಸುವುದಿಲ್ಲ. ಅವರು ಕಲಿಯುವುದಾದರೂ ಹೇಗೆ? ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಯವರು ಮಳವಳ್ಳಿ, ನಾಗಮಂಗಲ, ಪಿರಿಯಾಪಟ್ಟಣದ ಸಿಸ್ಟರುಗಳ ಜೊತೆ ಫೋನಿನಲ್ಲೇ ಕೂತು ಹತ್ತು ಚೀಟಿ ಓದಿದರೆ ಸಾಕು.

ಖಾಸಗಿ ನರ್ಸಿಂಗ್ ಹೋಮುಗಳೂ ಇದರಿಂದ ಹೊರಗಿರಬಾರದು. ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015–16ರಲ್ಲಿ ಶೇ 23.6 ಇದ್ದದ್ದು 2019–21ಕ್ಕೆ ಶೇ 31.5 ಆಯಿತು. ಕೆಲವು ಬೇಕಾದವು, ಕೆಲವು ಬೇಡದವು, ಎರಡನ್ನೂ ಬೇರೆ ಮಾಡಿ ನೋಡದೆ ಸುಮ್ನೆ ಜಾಸ್ತಿಯಾಯಿತು ಅಂತ ಬೈದು ಪ್ರಯೋಜನ ಇಲ್ಲ. ಹೆರಿಗೆಗೆ ಬಂದವರನ್ನೆಲ್ಲ ಹತ್ತು ಗುಂಪು ಮಾಡಿ ನೋಡುವ ರಾಬ್ಸನ್ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದೆ. ಚೊಚ್ಚಲು, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ಇಂಥವರ ಗುಂಪಿನಲ್ಲಿ ಎಷ್ಟು ಜನಕ್ಕೆ ಕೊಯ್ದಿದ್ದೀರಿ ಅಂತ ಕೇಳಿದರೆ ಉತ್ತರ ತಾನೇ ಹೊರಗೆ ಬರುತ್ತದೆ. ಖಾಸಗಿಯವರಿಗಾಗಿ ದೇಶದ ಹೆರಿಗೆ ತಜ್ಞರ ಒಕ್ಕೂಟವಾದ ಫಾಗ್ಸಿ ಸಂಸ್ಥೆಯ ಮಾನ್ಯತಾ ಯೋಜನೆಯಲ್ಲಿ 16 ನಿಯಮಗಳು ಸಿದ್ಧವಾಗಿಯೇ ಇವೆ. ಮೈಸೂರಿನ ನರ್ಸಿಂಗ್ ಹೋಮುಗಳು ಅಷ್ಟನ್ನಾದರೂ ಹಿಡಿದುಕೊಂಡು ಶುರು ಮಾಡಬಹುದು.

ಆಡಿಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿಲ್ಲ. ಹೆರಿಗೆಯಲ್ಲಿ ತಪ್ಪದೆ ಮಾಡಬೇಕಾದ 29 ಅಂಶಗಳ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ಮೊದಲು ನಮ್ಮ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿದಾಗ, ಸರಾಸರಿ 10 ಅಂಶ ಮಾಡುತ್ತಿದ್ದವರು 25 ಮಾಡತೊಡಗಿದರು. ಅದನ್ನೇ ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಮಾಡಿದರು, 2017ರಲ್ಲಿ ಫಲಿತಾಂಶ ಬಂತು. ಸಿಸ್ಟರುಗಳ ಕೆಲಸ ಸುಧಾರಿಸಿತು, ಸಾವುಗಳು ಕಡಿಮೆಯಾಗಲಿಲ್ಲ. ತಿದ್ದಿ ಹೇಳುವವರು ಬರುವುದು ನಿಂತ ಮೇಲೆ ಕೆಲಸವೂ ಹಿಂದಕ್ಕೆ ಜಾರಿತು. ರಕ್ತ ಸಿಗದಿದ್ದರೆ, ಅನಸ್ತೇಷಿಯಾ ಡಾಕ್ಟರ್ ಊರಲ್ಲಿ ಇಲ್ಲದಿದ್ದರೆ, ಸಿಸ್ಟರ್ ಎಷ್ಟು ಚೆನ್ನಾಗಿ ಬಿಪಿ ನೋಡಿ ಏನು ಮಾಡುತ್ತಾಳೆ? ಅದಕ್ಕೇ ಆಡಿಟ್ಟಿನಲ್ಲಿ ಕಂಡ ಕೊರತೆ ಯಾರ ಟೇಬಲ್ಲಿಗೆ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಅಂತ ಮೊದಲೇ ಗೊತ್ತುಮಾಡಬೇಕು. ಲೇಬರ್ ವಾರ್ಡುಗಳನ್ನು ಸುಧಾರಿಸುವ ಕೇಂದ್ರದ ಲಕ್ಷ್ಯ ಯೋಜನೆ 2017ರ ಡಿಸೆಂಬರಿನಲ್ಲಿ ಬಂದ ಮೇಲೆ ಎಷ್ಟೋ ಲೇಬರ್ ವಾರ್ಡುಗಳಿಗೆ ಹೊಸ ಟೈಲ್ಸು, ಪರದೆ, ಮಂಚ ಬಂದವು, ನಾನು ಅದನ್ನು ಸಂತೋಷದಿಂದ ನೋಡಿದೆ. ಆದರೆ ಇನ್‌ಸ್ಪೆಕ್ಷನ್‌ಗೆ ತಂಡ ಬರುವ ಹಿಂದಿನ ವಾರ ರಿಜಿಸ್ಟರ್ ತುಂಬುವ ಅಭ್ಯಾಸ ಬಿಟ್ಟುಹೋಗಿಲ್ಲ.

ಇನ್ನೊಂದು ಮಾತು. ನೋವಿನಲ್ಲಿ ಕೂಗಿದವಳಿಗೆ ಬೈಯುವುದು, ತೊಡೆಗೆ ಹೊಡೆಯುವುದು, ಮಗು ಕೈಗೆ ಕೊಡುವ ಮೊದಲು ದುಡ್ಡು ಕೇಳುವುದು, ಇದನ್ನು ಯಾವ ಕೇಸ್ ಶೀಟಿನಲ್ಲೂ ಬರೆಯುವುದಿಲ್ಲ. ಡಿಸ್ಚಾರ್ಜ್ ಆಗುವ ದಿನ ಆ ವಾರ್ಡಿಗೆ ಸಂಬಂಧ ಇಲ್ಲದವರೊಬ್ಬರು ಬಾಣಂತಿಯನ್ನೇ ಕೇಳಿ ಬರೆದುಕೊಳ್ಳಬೇಕು. ಅದೂ ಆಡಿಟ್ಟೇ. ಬೈಗುಳಕ್ಕೆ ಹೆದರಿದವಳು ರಕ್ತ ಹೋಗುತ್ತಿದ್ದರೂ ಬಾಯಿ ಬಿಡುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶೇ 97ರಷ್ಟು ಹೆರಿಗೆಗಳು ಇವತ್ತು ರಾಜ್ಯದಲ್ಲಿ ಆಸ್ಪತ್ರೆಯಲ್ಲೇ ಆಗುತ್ತಿವೆ. ಮನೆಮನೆಗೆ ಅಲೆದು, ತಾಯಿ ಕಾರ್ಡ್ ಮಾಡಿಸಿ, ಒಪ್ಪಿಸಿ ಕರೆತಂದವರು ಆಶಾ ಕಾರ್ಯಕರ್ತೆಯರು. ಅವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಮೈಸೂರು ಮತ್ತು ಮಂಡ್ಯದ ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯಾಧಿಕಾರಿಗಳು ಹೆರಿಗೆ ನಡೆಯುವ ಪ್ರತಿ ಆಸ್ಪತ್ರೆಗೂ ತಿಂಗಳಿಗೆ ಒಂದು ವಿಷಯದ ಆಡಿಟ್ ಕಡ್ಡಾಯ ಮಾಡಲಿ, ಅದರಲ್ಲಿ ಹೇಳಿದ ಮಾತಿಗೆ ಯಾರಿಗೂ ನೋಟಿಸ್ ಬರುವುದಿಲ್ಲ ಅಂತ ಲಿಖಿತವಾಗಿ ಕೊಡಲಿ. ಡಾಕ್ಟರ್, ಸಿಸ್ಟರ್, ಆಯಾ ಎಲ್ಲರೂ ಒಂದೇ ಟೇಬಲ್ಲಿಗೆ ಕೂರಲಿ, ಏಕೆಂದರೆ ಬಿಪಿ ಪಟ್ಟಿ ಸೋರುತ್ತಿರುವುದು ಮೊದಲು ಗೊತ್ತಾಗುವುದು ಆಯಾಗೆ. ನಿಮ್ಮ ಪತ್ರಿಕೆಯಿಂದಲೂ ಒಂದು ಉಪಕಾರ ಬೇಕು. ನಿಮ್ಮ ವರದಿಗಾರರು ಆಸ್ಪತ್ರೆಗೆ ಹೋದಾಗ ಸಾವು ಎಷ್ಟಾಯಿತು ಅಂತ ಮಾತ್ರ ಕೇಳಿ ಬರಬಾರದು. ಕಳೆದ ತಿಂಗಳು ಯಾವ ವಿಷಯ ಎಣಿಸಿದಿರಿ, ಏನು ಸಿಕ್ಕಿತು, ಏನು ಬದಲಾಯಿಸಿದಿರಿ, ಮತ್ತೆ ಯಾವಾಗ ಎಣಿಸುತ್ತೀರಿ ಅಂತ ಕೇಳಿ, ಬಂದ ಉತ್ತರವನ್ನು ಹಾಗೇ ಅಚ್ಚು ಮಾಡಲಿ.

ಇಂತಿ ನಮಸ್ಕಾರಗಳು,
ನಿವೃತ್ತ ನರ್ಸ್
ಕುವೆಂಪುನಗರ, ಮೈಸೂರು